'ಸಂಸ್ಕಾರ'ವನ್ನು ಮರಳಿ ನೋಡುವಾಗ

ಕನ್ನಡಿಗರನ್ನು ಎರಡು ಪಾಳೆಯಗಳಾಗಿ ಒಡೆದ ಚಲನಚಿತ್ರಗಳನ್ನು ಎಣಿಸಹೊರಟರೆ ಮೊದಲು ನೆನಪಿಗೆ ಬರುವುದು ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ'. ಯು. ಆರ್. ಅನಂತಮೂರ್ತಿಯವರ ಕಾದಂಬರಿ 1965ರಲ್ಲಿ ಪ್ರಕಟವಾದಾಗಲೇ ಮಾಧ್ವ ಸಮಾಜದ ಅನೇಕರಿಗೆ ನೋವಾಗಿತ್ತು. ಅದು 1970ರಲ್ಲಿ ಚಿತ್ರವಾದಾಗ ಮದರಾಸಿನ ಸೆನ್ಸಾರ್ ಮಂಡಳಿ ಪ್ರಮಾಣಪತ್ರವನ್ನು ನಿರಾಕರಿಸಿತು. ಜಾತಿಯನ್ನು ಕುರಿತ ಅದರ ಕಟುನುಡಿ ಜನರಲ್ಲಿ ಕ್ಷೋಭೆ ಎಬ್ಬಿಸೀತೆಂಬುದು ಮಂಡಳಿಯ ಆತಂಕವಾಗಿತ್ತು. ಮುಂದೆ ಕೇಂದ್ರ ಸರ್ಕಾರದ ಮಟ್ಟದಲ್ಲಿ ನಿಷೇಧ ತೆರವಾಯಿತು. ಅಷ್ಟೇ ಅಲ್ಲ, ಅದೇ ಚಿತ್ರಕ್ಕೆ 1970ರ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ಕನ್ನಡ ಚಿತ್ರವೊಂದಕ್ಕೆ ಆ ಮನ್ನಣೆ ದೊರೆತದ್ದು ಅದೇ ಮೊದಲು. ಒಂದು ಕೈ ತಡೆದದ್ದನ್ನು ಇನ್ನೊಂದು ಕೈ ಹಾರ ಹಾಕಿ ಬರಮಾಡಿಕೊಂಡಿತು.

ಚನ್ನಗಿರಿ, ಹೊನ್ನಾಳಿ ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನ ಒಂದು ಪೇಟೆಯಾಗಿತ್ತು. ಜಗಳೂರು ಚಿತ್ರದುರ್ಗದಲ್ಲಿತ್ತು. ನಾಲ್ಕೂ ದಾವಣಗೆರೆ ಜಿಲ್ಲೆಯೊಳಗೆ ಬಂದದ್ದು 1997ರಲ್ಲಿ. ಆದ್ದರಿಂದ ತೀರ್ಥಹಳ್ಳಿ ಕಡೆಯ ಅನಂತಮೂರ್ತಿಯವರು ನಮ್ಮಲ್ಲಿ ಹಲವರಿಗೆ ಸ್ವಂತ ಜಿಲ್ಲೆಯ ಲೇಖಕರೇ ಆಗಿದ್ದರು. ನಾನು ಆಗ ಶಾಲೆಯ ಹುಡುಗ. ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಹಿರಿಯರು ಈ ಚಿತ್ರದ ವಿಷಯವಾಗಿ ಬಿಸಿಬಿಸಿ ಮಾತನಾಡುತ್ತಿದ್ದುದು ಕಿವಿಯಲ್ಲಿ ಉಳಿದಿದೆ. ಬೈದವರಲ್ಲಿಯೂ ಹೊಗಳಿದವರಲ್ಲಿಯೂ ಚಿತ್ರವನ್ನು ಕಂಡವರು ವಿರಳ.

ಕಥೆಯನ್ನು ಸಂಕ್ಷೇಪವಾಗಿ ನೆನೆಯೋಣ. ದೂರ್ವಾಸಪುರವೆಂಬ ಅಗ್ರಹಾರದಲ್ಲಿ ನಾರಣಪ್ಪನೆಂಬವನು ಸಾಯುತ್ತಾನೆ. ಬದುಕಿದ್ದಾಗ ಮದ್ಯಮಾಂಸ ಸೇವಿಸಿದವನು, ಚಂದ್ರಿ ಎಂಬ ಕೆಳಜಾತಿಯ ಹೆಣ್ಣಿನೊಡನೆ ಬಾಳಿದವನು. ಆದರೂ ಅವನನ್ನು ಜಾತಿಯಿಂದ ಹೊರಹಾಕಿರಲಿಲ್ಲ. ಶವಸಂಸ್ಕಾರ ಯಾರು ಮಾಡಬೇಕು? ಹೆಣ ಹೊರಡುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಖರ್ಚಿಗೆಂದು ಚಂದ್ರಿ ತನ್ನ ಬಂಗಾರವನ್ನೇ ತೆಗೆದಿಟ್ಟಾಗ, ಒಲ್ಲೆ ಎಂದಿದ್ದವರ ಕಣ್ಣುಗಳು ಅರಳುತ್ತವೆ. ವಿದ್ವಾಂಸರಾದ ಪ್ರಾಣೇಶಾಚಾರ್ಯರು ಶಾಸ್ತ್ರಗ್ರಂಥಗಳನ್ನು ತಿರುವಿಹಾಕುತ್ತಾರೆ, ಮಾರುತಿಯ ಗುಡಿಯಲ್ಲಿ ಕಾಯುತ್ತಾರೆ, ಉತ್ತರ ಸಿಗುವುದಿಲ್ಲ. ಆ ರಾತ್ರಿ ಕಾಡಿನಲ್ಲಿ ಅವರು ಚಂದ್ರಿಯನ್ನು ಕೂಡುತ್ತಾರೆ. ಊರಿಗೆ ಪ್ಲೇಗು ಬರುತ್ತದೆ. ಕೊನೆಗೆ ಚಂದ್ರಿಯೇ ಜಾತಿಯ ಹೊರಗಿನವನೊಬ್ಬನ ನೆರವಿನಿಂದ ರಾತ್ರೋರಾತ್ರಿ ಹೆಣವನ್ನು ಸುಡಿಸುತ್ತಾಳೆ.

ಅಂದಿನ ಮಾತೆಲ್ಲವೂ ಕಾಡಿನ ಆ ಒಂದು ರಾತ್ರಿಯ ಸುತ್ತಲೇ ತಿರುಗಿತು. ಪೇಟೆಯವನಾದ ನನಗೆ ಇದು ಮೂಟೆಯಿಂದ ಮಾದರಿ ತೆಗೆದು ನೋಡಿದಂತೆ ತೋರುತ್ತದೆ. ಅಡಿಕೆಯ ಮೂಟೆ ಬಿಚ್ಚಿ ಒಂದು ಹಿಡಿ ತೆಗೆದು, ನಾಲ್ಕು ಅಡಿಕೆ ಕತ್ತರಿಸಿ ನೋಡಿದರೆ ರಾಶಿಯೋ ಬೆಟ್ಟೆಯೋ ಗೊರಬಲೋ ತಿಳಿಯುತ್ತದೆ, ದರ ಕೂಗಬಹುದು. ಮೂಟೆಯ ತಳದಲ್ಲಿರುವುದೂ ಮೇಲಿರುವುದೂ ಒಂದೇ ಎಂಬ ನಂಬಿಕೆಯ ಮೇಲೆ ಆ ವ್ಯವಹಾರ ನಿಂತಿದೆ. ಕಥೆ ಹಾಗಲ್ಲ. ಕಥೆಯಲ್ಲಿ ಕೊನೆಯ ಹಿಡಿ ಮೊದಲ ಹಿಡಿಯ ಗುಣವನ್ನೇ ಬದಲಿಸಿಬಿಡುತ್ತದೆ. ಇಂದು ಕೈಯೊಳಗಿನ ದೂರವಾಣಿಗೆ ಬಂದು ಬೀಳುವ ಅರ್ಧ ನಿಮಿಷದ ತುಣುಕುಗಳು ಅಂಥ ಮಾದರಿಗಳೇ. ಅವುಗಳನ್ನು ನೋಡಿ ಇಡೀ ಚಿತ್ರಕ್ಕೆ ದರ ಕಟ್ಟುವವರು ವ್ಯಾಪಾರವನ್ನೂ ಅರಿತವರಲ್ಲ. ನಮ್ಮ ಆಚಾರ್ಯರು ಏಕದೇಶ ದೃಷ್ಟಿಯನ್ನು ನಯವೆಂದರು. ಅದೇ ಪೂರ್ಣವೆಂದು ಹಟ ಹಿಡಿದರೆ ದುರ್ನಯವೆಂದರು.

ಈಗ ಚಿತ್ರವನ್ನು ಸಾವಕಾಶವಾಗಿ ನೋಡಿದರೆ ಏನು ಕಾಣುತ್ತದೆ? ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯ, ಪಿ. ಲಂಕೇಶರ ನಾರಣಪ್ಪ, ಸ್ನೇಹಲತಾ ರೆಡ್ಡಿಯವರ ಚಂದ್ರಿ. ಆಸ್ಟ್ರೇಲಿಯಾದ ಟಾಮ್ ಕೋವನ್ ಹಿಡಿದ ಕಪ್ಪುಬಿಳುಪಿನ ಮಲೆನಾಡು. ರಾಜೀವ ತಾರಾನಾಥರ ಮಿತವಾದ ಸಂಗೀತ. ನಾರಣಪ್ಪನನ್ನು ಮೆರೆಸುವುದು ಇಲ್ಲಿಯ ಉದ್ದೇಶವಾಗಿರಲಿಲ್ಲ. ಕೇಂದ್ರದಲ್ಲಿರುವವರು ಆಚಾರ್ಯರೇ. ಅವರು ರೋಗಪೀಡಿತ ಹೆಂಡತಿ ಭಾಗೀರಥಿಯ ಸೇವೆಯನ್ನು ವರ್ಷಗಟ್ಟಲೆ ತಪಸ್ಸಿನಂತೆ ಮಾಡಿದವರು. ನನ್ನ ಎಣಿಕೆಯಲ್ಲಿ ಕಥೆಯ ತೀಕ್ಷ್ಣವಾದ ಮುಳ್ಳು ಇರುವುದು ಇಲ್ಲಿಯೇ, ಕಾಡಿನಲ್ಲಲ್ಲ. ಇನ್ನೊಬ್ಬರ ರೋಗವನ್ನು ತನ್ನ ಪುಣ್ಯದ ಹೊಲವಾಗಿಸಿಕೊಂಡವನ ವ್ರತ ಎಷ್ಟು ನಿರ್ಮಲ? ಹೊರಗೆ ಒಂದು ಕೂದಲೂ ಕೊಂಕದ ಆಚಾರದೊಳಗೆ ಅಹಂಕಾರ ಹೇಗೆ ಗೂಡುಕಟ್ಟುತ್ತದೆಂಬುದನ್ನು ಇಷ್ಟು ಮೆಲ್ಲಗೆ ತೋರಿದ ಚಿತ್ರ ಕನ್ನಡದಲ್ಲಿ ಇನ್ನೊಂದನ್ನು ನಾನು ಕಾಣೆ. ಈ ಪ್ರಶ್ನೆ ಮಾಧ್ವರಿಗಷ್ಟೇ ಸೇರಿದ್ದಲ್ಲ. ವ್ರತವನ್ನು ನಂಬಿದ ಪ್ರತಿಯೊಂದು ಮನೆಯ ಪ್ರಶ್ನೆ.

ಹಾಗೆಂದು ಆಕ್ಷೇಪವೆತ್ತಿದವರದು ಬರಿಯ ಕುರುಡು ಕೋಪವೆಂದು ತಳ್ಳಿಹಾಕುವಂತಿಲ್ಲ. ಆಚಾರ್ಯರನ್ನು ಬಿಟ್ಟರೆ ಅಗ್ರಹಾರದ ಉಳಿದವರೆಲ್ಲ ಹೊಟ್ಟೆಬಾಕರು, ಬಂಗಾರದಾಸೆಯವರು. ಒಬ್ಬ ಸಾಧಾರಣ ಸಜ್ಜನನಿಗೂ ಅಲ್ಲಿ ಎಡೆಯಿಲ್ಲ. ಅವರ ಹೆಂಡಿರು ಬತ್ತಿದ ದೇಹದವರು, ಹೊರಗಿನ ಹೆಣ್ಣು ಮಾತ್ರ ತುಂಬಿದ ಬದುಕಿನವಳು. ಇದು ನ್ಯಾಯವೇ? ಚಂದ್ರಿಯಂತೂ ಅಷ್ಟೆಲ್ಲ ಕೊಟ್ಟು ಕಥೆಯಿಂದ ಸದ್ದಿಲ್ಲದೆ ಸರಿದುಹೋಗುತ್ತಾಳೆ. ಅವಳ ಮನಸ್ಸನ್ನು ಕೇಳಿದವರಿಲ್ಲ. ಇದು ಗಟ್ಟಿಯಾದ ದೋಷ. ಆದರೆ ಅಂದು ಕೂಗಿದವರು ಈ ದೋಷವನ್ನು ಎತ್ತಲಿಲ್ಲ. ನಿಷೇಧದ ಗದ್ದಲದಲ್ಲಿ ನಿಜವಾದ ಆಕ್ಷೇಪವೇ ಮುಳುಗಿತು. ಒಂದು ಕೃತಿಯನ್ನು ತಡೆಹಿಡಿದರೆ ಅದರ ತಪ್ಪುಗಳೂ ವಿಮರ್ಶೆಯಿಂದ ಪಾರಾಗಿಬಿಡುತ್ತವೆ.

ದೂರದರ್ಶನದಲ್ಲಿ 1988ರ ಜನವರಿಯಲ್ಲಿ ಬಂದ 'ತಮಸ್' ಸರಣಿಯ ವ್ಯಾಜ್ಯವನ್ನು ಇಲ್ಲಿ ನೆನೆಯಬೇಕು. ಭೀಷ್ಮ ಸಾಹನಿಯವರ ಕಾದಂಬರಿಯನ್ನು ಆಧರಿಸಿ ಗೋವಿಂದ ನಿಹಲಾನಿಯವರು ತೆಗೆದ, ದೇಶವಿಭಜನೆಯ ಕಾಲದ ಗಲಭೆಯ ಕಥೆ. ತೊಗಲಿನ ಕೆಲಸದ ನತ್ಥು ಹಂದಿಯೊಂದನ್ನು ಕೊಲ್ಲಲು ಹೆಣಗುವ ಆರಂಭದ ದೃಶ್ಯ ನಮ್ಮಂಥವರಿಗೆ ಅಸಹನೀಯ. ಅದು ಅಸಹನೀಯವಾಗಿರಲೆಂದೇ ಹಾಗೆ ತೆಗೆದದ್ದು. ಸರಣಿಯನ್ನು ನಿಲ್ಲಿಸಬೇಕೆಂಬ ಮೊಕದ್ದಮೆ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಬಂದಾಗ ನ್ಯಾಯಮೂರ್ತಿಗಳಾದ ಲೆಂಟಿನ್ ಮತ್ತು ಸುಜಾತಾ ಮನೋಹರ್ ಅವರು ಇಡೀ ಸರಣಿಯನ್ನು ಸ್ವತಃ ನೋಡಿದರು, ಅನಂತರವೇ ತಡೆಯನ್ನು ತೆಗೆದರು. ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಕೃತಿಯ ಪರಿಣಾಮವನ್ನು ವಿವೇಕಿಯೂ ದೃಢಚಿತ್ತನೂ ಆದವನ ಮನಸ್ಸಿನಿಂದ ಅಳೆಯಬೇಕೇ ಹೊರತು ಎಲ್ಲದರಲ್ಲಿಯೂ ಅಪಾಯವನ್ನೇ ಮೂಸುವವನ ಮನಸ್ಸಿನಿಂದಲ್ಲ ಎಂಬುದು ಅದರ ಅಭಿಪ್ರಾಯ. ನಮ್ಮ ಬಸದಿ, ಮಂದಿರಗಳ ಸಮಿತಿಗಳ ಮುಂದೆ ಆಗಾಗ ಯಾವುದೋ ಚಿತ್ರದ ವಿರುದ್ಧ ಸಹಿಗಾಗಿ ಕಾಗದ ಬರುತ್ತದೆ. ಸಹಿ ಹಾಕುವ ಐವರಲ್ಲಿ ಇಬ್ಬರಾದರೂ ಮೊದಲಿನಿಂದ ಕೊನೆಯವರೆಗೆ ಚಿತ್ರವನ್ನು ನೋಡಿರಬೇಕೆಂಬ ನಿಯಮವನ್ನು ಸಮಿತಿಯ ನಡಾವಳಿ ಪುಸ್ತಕದಲ್ಲಿ ಬರೆದಿಟ್ಟರೆ ಯಾರಿಗೂ ನಷ್ಟವಿಲ್ಲ.

ನೆರೆಯವರ ಮನೆಯ ಕಥೆಯಲ್ಲಿ ಉದಾರವಾಗುವುದು ಸುಲಭ. ನಮ್ಮದೇ ಹೊಸ್ತಿಲನ್ನು ಮುಟ್ಟಿದ ಚಿತ್ರವೂ ಒಂದಿದೆ. ಆನಂದ ಗಾಂಧಿಯವರ 'ಶಿಪ್ ಆಫ್ ಥೀಸಿಯಸ್' 2013ರ ಜುಲೈಯಲ್ಲಿ ತೆರೆಗೆ ಬಂದು ಆ ವರ್ಷದ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಪಡೆಯಿತು. ಅದರ ನಡುವಣ ಭಾಗದಲ್ಲಿ ಮೈತ್ರೇಯನೆಂಬ ಯತಿ ಬರುತ್ತಾನೆ. ವೇಷ, ನಡೆನುಡಿಗಳಲ್ಲಿ ಜೈನಯತಿಯನ್ನೇ ಬಹುವಾಗಿ ಹೋಲುವವನು. ಔಷಧ ಪರೀಕ್ಷೆಗೆ ಪ್ರಾಣಿಗಳನ್ನು ಹಿಂಸಿಸುವುದರ ವಿರುದ್ಧ ನ್ಯಾಯಾಲಯದಲ್ಲಿ ಹೋರಾಡುವ ಇವನಿಗೆ ಯಕೃತ್ತಿನ ರೋಗ ತಗಲುತ್ತದೆ. ಅಂಥ ಔಷಧವನ್ನು ಮುಟ್ಟಲಾರೆನೆಂದು ಆಹಾರತ್ಯಾಗಕ್ಕೆ ತೊಡಗುತ್ತಾನೆ. ಕೊನೆಗೆ ಅಂಗಾಂಗ ಕಸಿಗೆ ಒಪ್ಪುತ್ತಾನೆ. ಎರಡು ವರ್ಷಗಳ ತರುವಾಯ, 2015ರ ಆಗಸ್ಟ್ 10ರಂದು, ರಾಜಸ್ಥಾನ ಉಚ್ಚ ನ್ಯಾಯಾಲಯ ಸಂಥಾರಾವನ್ನು ಆತ್ಮಹತ್ಯೆಗೆ ಸಮೀಕರಿಸಿದ ತೀರ್ಪು ಕೊಟ್ಟಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತು. ಆ ದಿನಗಳ ಕಾವಿನಲ್ಲಿ ಈ ಚಿತ್ರವನ್ನು ನೆನೆದವರಿಗೆ, ನಮ್ಮ ಯತಿಯನ್ನು ಸೋಲಿಸಿ ತೋರಿಸಿದರೆಂಬ ನೋವಾಗುವುದು ಸಹಜ.

ಆದರೆ ಗ್ರಂಥವನ್ನು ಬಿಚ್ಚಿ ನೋಡೋಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಹೇಳಿದ ಸಂದರ್ಭಗಳು ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಅವೂ ಪ್ರತೀಕಾರವಿಲ್ಲದವಾಗಿರಬೇಕು, ತ್ಯಾಗ ಧರ್ಮಕ್ಕಾಗಿ ನಡೆಯಬೇಕು. ಮೈತ್ರೇಯನ ರೋಗಕ್ಕೆ ಪ್ರತೀಕಾರವಿತ್ತು. ಹಾಗಾದರೆ ಅವನು ಆರಂಭಿಸಿದ್ದು ಆಚಾರ್ಯರು ಹೇಳಿದ ಸಲ್ಲೇಖನವೇ? ಅಲ್ಲವಾದರೆ ಅವನು ಅದರಿಂದ ಹಿಂದೆ ಸರಿದದ್ದು ಸಲ್ಲೇಖನಕ್ಕೆ ಅವಮಾನ ಹೇಗಾದೀತು? ಹಿಂಸೆಯ ಮೂಲಕವೇ ದೊರಕುವ ಔಷಧವನ್ನು ಅಹಿಂಸಾ ಮಹಾವ್ರತಿ ಪ್ರತೀಕಾರವೆಂದು ಎಣಿಸಲೇಬಾರದು, ಆದ್ದರಿಂದ ಅವನ ಪಾಲಿಗೆ ಆ ರೋಗ ನಿಷ್ಪ್ರತೀಕಾರವೇ ಎಂದು ವಾದಿಸುವವರೂ ಇರಬಹುದು. ಆ ವಾದಕ್ಕೂ ಬಲವಿದೆ. ನೀರಜ್ ಕಬಿಯವರು ದೇಹವನ್ನೇ ಸೊರಗಿಸಿಕೊಂಡು ಆ ಪಾತ್ರವನ್ನು ಗೌರವದಿಂದ ನಿರ್ವಹಿಸಿದ್ದಾರೆ. ಅಣಕದ ಲವಲೇಶವೂ ಅದರಲ್ಲಿಲ್ಲ. ನನ್ನ ದೂರು ಬೇರೆ. ತರುಣನೊಡನೆ ಯತಿ ನಡೆಸುವ ವಾದಗಳಿಗೆ ಅಷ್ಟೊಂದು ಹೊತ್ತು ಕೊಟ್ಟ ನಿರ್ದೇಶಕರು, ಅವನ ಮನಸ್ಸು ತಿರುಗುವ ಗಳಿಗೆಯನ್ನು ಮಾತ್ರ ಅವಸರದಿಂದ ದಾಟಿಬಿಡುತ್ತಾರೆ. ನೋವು ಗೆದ್ದಿತೋ, ವಿಚಾರ ಗೆದ್ದಿತೋ ತಿಳಿಯುವುದಿಲ್ಲ. ಸಮಂತಭದ್ರರ ಮಾತನ್ನು ಬಲ್ಲ ಶ್ರಾವಕನಿಗೆ ಬೇಕಾಗಿದ್ದದ್ದು ಆ ಒಂದು ಗಳಿಗೆಯೇ.