ಅನುಭಾವದ ಸಾಕ್ಷ್ಯ ಮತ್ತು ಮನಸ್ಸಿನ ವಿಜ್ಞಾನ: ರಾನಡೆಯವರ ವಿಚಾರಗಳ ಮರುಪರಿಶೀಲನೆ

1

ಹಿಂದಿನ ಬಿಜಾಪುರ, ಇಂದಿನ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಪರಿಸರವನ್ನು ನಮ್ಮ ಸಾಹಿತ್ಯಚರಿತ್ರೆಗಳು ಮುಖ್ಯವಾಗಿ ಎರಡು ಕಾರಣಗಳಿಗಾಗಿ ನೆನೆಯುತ್ತವೆ. ಬಸವಣ್ಣನವರು ಹುಟ್ಟಿದ ನೆಲವಿದು ಎಂಬುದು ಒಂದು; ‘ಗರತಿಯ ಹಾಡು’ (1931) ಸಂಕಲನವನ್ನು ಕನ್ನಡಕ್ಕೆ ಕೊಟ್ಟ ಹಲಸಂಗಿ ಗೆಳೆಯರ ನೆಲವಿದು ಎಂಬುದು ಇನ್ನೊಂದು. ಮೂರನೆಯ ಕಾರಣವೊಂದು ಉಂಟು. ಅದು ತತ್ತ್ವಶಾಸ್ತ್ರಕ್ಕೆ ಸಂಬಂಧಿಸಿದ್ದಾದುದರಿಂದ ಸಾಹಿತ್ಯಚರಿತ್ರೆಯ ಅಂಚಿನಲ್ಲಿಯೇ ಉಳಿದಿದೆ. ತಾಂಬಾ, ಹಲಸಂಗಿಗಳನ್ನೊಳಗೊಂಡ ಇಂಡಿ ಸೀಮೆಯಲ್ಲಿಯೇ ನಿಂಬಾಳವೂ ಇದೆ. ಜಮಖಂಡಿಯಲ್ಲಿ ಹುಟ್ಟಿ, ಉಮದಿಯ ಭಾವೂಸಾಹೇಬ ಮಹಾರಾಜರಿಂದ 1901ರಲ್ಲಿ ನಾಮದೀಕ್ಷೆ ಪಡೆದು, ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗುರುದೇವ ರಾ. ದ. ರಾನಡೆಯವರು (1886–1957) ಆಶ್ರಮವನ್ನು ಕಟ್ಟಿಕೊಂಡದ್ದು ಮತ್ತು ದೇಹವಿಟ್ಟದ್ದು ಈ ನಿಂಬಾಳದಲ್ಲಿ.

ರಾನಡೆಯವರನ್ನು ಕುರಿತ ಬರವಣಿಗೆಗಳಲ್ಲಿ ಬಹುಪಾಲು ಭಕ್ತಿಪೂರ್ವಕವಾದುವು. ಅದು ತಪ್ಪೆನ್ನಲಾಗದು. ಆದರೆ ಮನಸ್ಸನ್ನು ಕುರಿತು ಅವರು ಮಂಡಿಸಿದ ವಾದವನ್ನು ವಾದವೆಂದೇ ಪರಿಗಣಿಸಿ ಪರಿಶೀಲಿಸುವುದೂ ಅವರಿಗೆ ಸಲ್ಲಿಸುವ ಗೌರವವೇ ಆಗಿದೆ. ಒಳಗಿನ ಅನುಭವವನ್ನು ಕುರಿತು ಅನುಭಾವಿಯು ಆಡುವ ಮಾತು ಯಾವುದಕ್ಕೆ ಸಾಕ್ಷ್ಯ? ಇಂದಿನ ಮನಸ್ಸಿನ ತತ್ತ್ವಶಾಸ್ತ್ರ ಮತ್ತು ಸಂಜ್ಞಾನ ವಿಜ್ಞಾನ, ಎಂದರೆ ಗ್ರಹಿಕೆ, ಸ್ಮೃತಿ, ಭಾಷೆ, ಅವಧಾನಗಳನ್ನು ಮಿದುಳಿನ ಕ್ರಿಯೆಯೊಡನೆ ಕೂಡಿಸಿ ಅಧ್ಯಯನಮಾಡುವ ಶಾಸ್ತ್ರ, ಈ ಪ್ರಶ್ನೆಗೆ ಯಾವ ರೀತಿಯ ನೆರವು ನೀಡಬಲ್ಲವು? ಪ್ರಸ್ತುತ ಲೇಖನದ ವಿಷಯ ಇಷ್ಟೇ.

2

ರಾನಡೆಯವರ ‘ಎ ಕನ್‌ಸ್ಟ್ರಕ್ಟಿವ್ ಸರ್ವೆ ಆಫ್ ಉಪನಿಷದಿಕ್ ಫಿಲಾಸಫಿ’ 1926ರಲ್ಲಿ ಪುಣೆಯಿಂದ ಪ್ರಕಟವಾಯಿತು. ಉಪನಿಷತ್ತುಗಳಲ್ಲಿ ಕೇವಲ ಬ್ರಹ್ಮವಿಚಾರವನ್ನು ಕಾಣುವುದು ಅಂದಿನ ವಾಡಿಕೆಯಾಗಿತ್ತು. ರಾನಡೆಯವರಾದರೋ ಮನಶ್ಶಾಸ್ತ್ರಕ್ಕೆಂದೇ ಒಂದು ಇಡೀ ಅಧ್ಯಾಯವನ್ನು ಮೀಸಲಿಟ್ಟರು. ಆತ್ಮದ ನೆಲೆ ಹೃದಯವೇ ಮಿದುಳೇ ಎಂಬ ಪ್ರಶ್ನೆ, ನಿದ್ರೆಯು ಆಯಾಸದಿಂದ ಬರುವುದೇ ಎಂಬ ಪ್ರಶ್ನೆ, ಕನಸಿನ ಸ್ವರೂಪ ಇವೆಲ್ಲವೂ ಅಲ್ಲಿ ಚರ್ಚೆಗೆ ಬರುತ್ತವೆ. ಬೃಹದಾರಣ್ಯಕದಲ್ಲಿ ಹಾರಿ ದಣಿದ ಗಿಡುಗ ರೆಕ್ಕೆ ಮಡಚಿ ಗೂಡಿಗೆ ಮರಳುವ ಉಪಮೆಯನ್ನು ಅವರು ನಿದ್ರೆಯ ಒಂದು ಸಿದ್ಧಾಂತವೆಂದೇ ಓದುತ್ತಾರೆ. ಉಪಮೆಯ ಹಿಂದೆ ವೀಕ್ಷಣೆಯಿದೆ, ವೀಕ್ಷಣೆಯನ್ನು ಪರೀಕ್ಷೆಗೆ ಒಡ್ಡಬಹುದು ಎಂಬ ಈ ನಿಲುವು ಅವರ ವಿಧಾನದ ದೊಡ್ಡ ಗುಣ.

ಇದೇ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಅವರು ಸಾಧಕನ ಅನುಭವಗಳನ್ನು ರೂಪ, ವರ್ಣ, ನಾದ, ಪ್ರಕಾಶ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ವಿಂಗಡಣೆಯೇ ಶಾಸ್ತ್ರದ ಮೊದಲ ಹೆಜ್ಜೆಯಾದುದರಿಂದ ಇದೂ ಸ್ತುತ್ಯವೇ. ಆದರೆ ವಿಂಗಡಣೆಯಿಂದ ಪ್ರಾಮಾಣ್ಯಕ್ಕೆ ಸಾಗುವ ದಾರಿಯಲ್ಲಿ ತೊಡಕು ಆರಂಭವಾಗುತ್ತದೆ.

3

ನಾದದ ಪ್ರಸಂಗವನ್ನು ತೆಗೆದುಕೊಳ್ಳೋಣ. ಕಿವಿಗಳನ್ನು ಮುಚ್ಚಿಕೊಂಡಾಗ ಕೇಳುವ ಒಳಧ್ವನಿಯನ್ನು ಬೃಹದಾರಣ್ಯಕವು ಅನ್ನವನ್ನು ಪಚನಮಾಡುವ ವೈಶ್ವಾನರಾಗ್ನಿಯ ಧ್ವನಿಯೆಂದು ಹೇಳುತ್ತದೆ. ಸಾವು ಸಮೀಪಿಸಿದವನಿಗೆ ಅದು ಕೇಳಿಸದು ಎಂದೂ ಸೇರಿಸುತ್ತದೆ. ಮೈತ್ರಿ ಉಪನಿಷತ್ತಿನಲ್ಲಿಯೂ ಈ ಮಾತು ಮರಳಿ ಬರುತ್ತದೆ. ಇದು ರಾನಡೆಯವರಿಗೆ ಸಾಕೆನಿಸಲಿಲ್ಲ. ಅನುಭಾವದ ನಾದ ಕಿವಿ ಮುಚ್ಚಿದಾಗ ಮಾತ್ರವಲ್ಲ, ತೆರೆದಿದ್ದಾಗಲೂ ಕೇಳುತ್ತದೆ. ಹೊರಗಿನ ಸದ್ದಿಗೆ ಕಿವುಡನಾದವನಿಗೂ ಅದು ಕೇಳಬಹುದು ಎಂಬುದು ಅವರ ಆಕ್ಷೇಪದ ತಿರುಳು. ಕಿವುಡನಿಗೂ ಕೇಳುವುದಾದರೆ ಅದು ದೇಹದ ಸದ್ದಾಗಿರಲಾರದು ಎಂಬ ಊಹೆ ಈ ಆಕ್ಷೇಪದಲ್ಲಿ ಅಡಗಿದೆ.

ಈಗ ಶ್ರವಣಶಾಸ್ತ್ರದ ಕಡೆಗೆ ತಿರುಗೋಣ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಸಹಜ ಶ್ರವಣಶಕ್ತಿಯುಳ್ಳ 80 ಜನರನ್ನು ಒಬ್ಬೊಬ್ಬರನ್ನಾಗಿ ನಿಶ್ಶಬ್ದ ಕೋಣೆಯಲ್ಲಿ ಕೂರಿಸಿ ಏನು ಕೇಳುತ್ತದೆ ಎಂದು ವಿಚಾರಿಸಿದರು. ಶೇಕಡ 94 ಜನ ಯಾವುದಾದರೊಂದು ಸದ್ದು ಕೇಳಿತೆಂದರು. ಮುಂದಿನ ಪ್ರಯೋಗಗಳಲ್ಲಿ ಈ ಪ್ರಮಾಣ ಹೆಚ್ಚುಕಡಿಮೆಯಾಗಿದ್ದರೂ ನಿಶ್ಶಬ್ದದಲ್ಲಿ ಸದ್ದು ಕೇಳುವುದು ರೋಗವಲ್ಲವೆಂಬ ತಥ್ಯ ಉಳಿದಿದೆ. ಇನ್ನು ಕಿವುಡರ ವಿಷಯ. ಕಿವಿಮೊರೆತವು ಶ್ರವಣನಷ್ಟವಾದವರಲ್ಲಿಯೇ ಹೆಚ್ಚು. ಶ್ರವಣನರವನ್ನು ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿದ ಮೇಲೂ ಕೆಲವರಲ್ಲಿ ಅದು ನಿಲ್ಲುವುದಿಲ್ಲ. ಕಿವಿಯಿಂದ ಬರುವ ಸಂಕೇತ ಕುಂದಿದಾಗ ಮಿದುಳಿನ ಶ್ರವಣಕೇಂದ್ರಗಳು ತಮ್ಮ ಸಂವೇದನೆಯನ್ನು ತಾವೇ ಹೆಚ್ಚಿಸಿಕೊಂಡು, ಇಲ್ಲದ ಸದ್ದನ್ನು ಉಂಟುಮಾಡುತ್ತವೆ ಎಂಬುದು ಇದಕ್ಕೆ ಕೊಡಲಾಗುವ ಪ್ರಮುಖ ವಿವರಣೆ.

ಹೀಗಾಗಿ ಒಂದು ವಿಚಿತ್ರ ಸನ್ನಿವೇಶ ಒದಗುತ್ತದೆ. ಕಿವುಡನೂ ಕೇಳಬಲ್ಲನೆಂಬ ಸಂಗತಿಯನ್ನು ರಾನಡೆಯವರು ನಾದದ ಅಲೌಕಿಕತೆಗೆ ಆಧಾರವೆಂದು ಬಗೆದರೆ, ಅದೇ ಸಂಗತಿಯನ್ನು ಶ್ರವಣಶಾಸ್ತ್ರವು ನಾದದ ಮೂಲ ಮಿದುಳೆಂಬುದಕ್ಕೆ ಆಧಾರವಾಗಿ ತೋರಿಸುತ್ತದೆ. ಸಂಗತಿ ಒಂದೇ, ಅದು ಎರಡು ವಿರುದ್ಧ ಪಕ್ಷಗಳಿಗೂ ಸಾಕ್ಷಿ ನುಡಿಯುತ್ತಿದೆ. ಅಂದಮೇಲೆ ಆ ಸಂಗತಿಯೊಂದರಿಂದಲೇ ನಿರ್ಣಯಕ್ಕೆ ಬರಲಾಗದು. ಕಿವಿಯ ಸದ್ದಲ್ಲ ಎನ್ನುವುದು ದೇಹದ ಸದ್ದಲ್ಲ ಎನ್ನುವುದಕ್ಕೆ ಸಮಾನವಲ್ಲ.

4

ರಾನಡೆಯವರ ಎರಡನೆಯ ಹಾಗೂ ಹೆಚ್ಚು ಬಲವಾದ ವಾದ ಸಾರ್ವತ್ರಿಕತೆಯದು. ‘ಮಿಸ್ಟಿಸಿಜಂ ಇನ್ ಮಹಾರಾಷ್ಟ್ರ’ (1933) ಗ್ರಂಥದ ಪೀಠಿಕೆಯಲ್ಲಿ ಅವರು ಎಲ್ಲ ಕಾಲದೇಶಗಳ ಅನುಭಾವಿಗಳು ಒಂದೇ ದೈವೀ ಸಮಾಜಕ್ಕೆ ಸೇರಿದವರೆಂದು ಹೇಳುತ್ತಾರೆ. ಅವರ ನಿಧನಾನಂತರ 1960ರಲ್ಲಿ ಪ್ರಕಟವಾದ ‘ಪಾಥ್‌ವೇ ಟು ಗಾಡ್ ಇನ್ ಕನ್ನಡ ಲಿಟರೇಚರ್’ ಗ್ರಂಥವೂ ಇದೇ ದೃಷ್ಟಿಯಿಂದ ಕನ್ನಡದ ಸಂತರ ಪದಗಳನ್ನು ಸಾಧನೆಯ ಹಂತಗಳಾಗಿ ಜೋಡಿಸುತ್ತದೆ. ಪರಸ್ಪರ ಪರಿಚಯವಿಲ್ಲದ ಸಾಧಕರು ಒಂದೇ ಬಗೆಯ ಬೆಳಕನ್ನು ಕಂಡರೆಂದಮೇಲೆ ಆ ಬೆಳಕು ಸತ್ಯವಿರಬೇಕು ಎಂಬುದು ವಾದದ ಸಾರ.

ಇಲ್ಲಿಯೂ ಇನ್ನೊಂದು ವಿವರಣೆ ಸಾಧ್ಯವಿದೆ. ರಾನಡೆಯವರ ಸಮಕಾಲೀನರಾದ ಹೈನ್ರಿಶ್ ಕ್ಲೂವರ್ ಎಂಬ ಮನಶ್ಶಾಸ್ತ್ರಜ್ಞರು 1928ರಲ್ಲಿ ಮೆಸ್ಕಲಿನ್ ಎಂಬ ಭ್ರಾಮಕ ದ್ರವ್ಯವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಅದರ ಪ್ರಭಾವದಲ್ಲಿ ಕಾಣುವ ಆಕೃತಿಗಳು ಜಾಲರಿ, ಜೇಡರಬಲೆ, ಸುರಂಗ, ಸುರುಳಿ ಎಂಬ ಕೆಲವೇ ಬಗೆಗಳಿಗೆ ಮತ್ತೆ ಮತ್ತೆ ಮರಳುತ್ತವೆಂದು ಅವರು ಗುರುತಿಸಿದರು. 1979ರಲ್ಲಿ ಎರ್ಮೆಂಟ್ರೌಟ್ ಮತ್ತು ಕೋವನ್ ಎಂಬ ವಿಜ್ಞಾನಿಗಳು ಮಿದುಳಿನ ದೃಷ್ಟಿವಲಯದ ರಚನೆಯಿಂದಲೇ ಇಂಥ ಆಕೃತಿಗಳು ಮೂಡಬಲ್ಲವೆಂದು ಗಣಿತದ ಮೂಲಕ ತೋರಿಸಿದರು. ಕಾಣುವವರ ಊರು, ಮತ, ಭಾಷೆ ಬೇರೆಯಾದರೂ ಮಿದುಳಿನ ರಚನೆ ಸಮಾನ. ಆದುದರಿಂದ ಕಾಣುವುದೂ ಸಮಾನ. ಸಹಮತಕ್ಕೆ ಕಾರಣ ಎಲ್ಲರೂ ಒಂದೇ ವಸ್ತುವನ್ನು ಕಂಡದ್ದಿರಬಹುದು, ಎಲ್ಲರೂ ಒಂದೇ ಬಗೆಯ ಕಣ್ಣಿನಿಂದ ಕಂಡದ್ದೂ ಇರಬಹುದು. ಇವೆರಡರ ನಡುವೆ ಆಯ್ಕೆಮಾಡಲು ಸಹಮತವೊಂದೇ ಸಾಲದು.

5

ಇಷ್ಟರಿಂದ ಅನುಭಾವಿಗಳ ಮಾತು ಮಿದುಳಿನ ಭ್ರಮೆಯೆಂದು ಸಿದ್ಧವಾಯಿತೆಂದು ಕೆಲವರು ಹೇಳಬಹುದು. ಅದು ಅವಸರದ ತೀರ್ಮಾನ. ಮಾವಿನ ಹಣ್ಣನ್ನು ಕಾಣುವಾಗಲೂ ಮಿದುಳಿನ ಕ್ರಿಯೆ ನಡೆಯುತ್ತದೆ. ಅಷ್ಟರಿಂದ ಹಣ್ಣು ಸುಳ್ಳಾಗುವುದಿಲ್ಲ. ಕಾರಣವನ್ನು ತೋರಿಸುವುದು ಬೇರೆ, ಮೌಲ್ಯವನ್ನು ಅಳೆಯುವುದು ಬೇರೆ. ವಿಲಿಯಂ ಜೇಮ್ಸ್ 1902ರಲ್ಲಿ ಧಾರ್ಮಿಕ ಅನುಭವದ ವೈವಿಧ್ಯಗಳನ್ನು ಕುರಿತ ಗ್ರಂಥದಲ್ಲಿ ಇದನ್ನು ನಿಚ್ಚಳಗೊಳಿಸಿದ್ದರು. ಅವರ ಪ್ರಕಾರ ಅನುಭಾವದ ಸ್ಥಿತಿ ಅದನ್ನು ಪಡೆದವನಿಗೆ ಪ್ರಮಾಣವಾಗಬಲ್ಲದು, ಪಡೆಯದವನು ಅದನ್ನು ವಿಮರ್ಶೆಯಿಲ್ಲದೆ ಒಪ್ಪಬೇಕಾದ ಕರ್ತವ್ಯವಿಲ್ಲ.

ಮನಸ್ಸಿನ ತತ್ತ್ವಶಾಸ್ತ್ರ ಇನ್ನೊಂದು ಎಚ್ಚರವನ್ನು ಕಲಿಸುತ್ತದೆ. ಥಾಮಸ್ ನೇಗಲ್ 1974ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಬಾವಲಿಯ ಉದಾಹರಣೆಯನ್ನಿತ್ತು, ಅದರ ನರಮಂಡಲವನ್ನೆಲ್ಲ ತಿಳಿದರೂ ಬಾವಲಿಯಾಗಿ ಬದುಕುವುದು ಒಳಗಿನಿಂದ ಹೇಗಿರುತ್ತದೆ ಎಂಬುದು ತಿಳಿಯದೆ ಉಳಿಯುತ್ತದೆ ಎಂದರು. ಡೇವಿಡ್ ಚಾಮರ್ಸ್ 1995ರಲ್ಲಿ ಇದನ್ನೇ ಪ್ರಜ್ಞೆಯ ‘ಕಠಿಣ ಸಮಸ್ಯೆ’ ಎಂದು ಕರೆದರು. ಕಿವಿಮೊರೆತದ ಚಿಕಿತ್ಸೆಯೇ ಇದಕ್ಕೆ ನಿದರ್ಶನ. ಆಲೋಚನೆ ಮತ್ತು ವರ್ತನೆಯನ್ನು ತಿದ್ದುವ ಚಿಕಿತ್ಸೆಯಿಂದ ಸದ್ದಿನ ಪ್ರಮಾಣ ಇಳಿಯದಿದ್ದರೂ ಅದರಿಂದಾಗುವ ಯಾತನೆ ಇಳಿಯುತ್ತದೆ. ಸದ್ದು ಅದೇ, ಕೇಳುವವನ ಅವಧಾನ ಮತ್ತು ಅರ್ಥಗ್ರಹಣ ಬದಲಾಗಿವೆ. ರೋಗಿಗೆ ಪೀಡೆಯಾದದ್ದನ್ನು ಸಾಧಕನು ಅರಸಿ ಕೂರುವನಾದರೆ, ನಮ್ಮ ಅಧ್ಯಯನದ ವಿಷಯ ಸದ್ದು ಎಲ್ಲಿಂದ ಬಂತೆಂಬುದಷ್ಟೇ ಆಗಲಾರದು, ಕೇಳುವವನಲ್ಲಿ ಅದು ಏನಾಯಿತೆಂಬುದೂ ಆಗಬೇಕು.

6

ಈ ಎರಡನೆಯ ಪ್ರಶ್ನೆಗೆ ಕನ್ನಡ ಪರಂಪರೆ ನೀಡಬಲ್ಲ ಉತ್ತರ ಹೆಚ್ಚು ಮೌಲಿಕವಾದುದು. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ ಬರುವ ಗೋರಕ್ಷನ ಪ್ರಸಂಗ ಸುಪರಿಚಿತ. ಗೋರಕ್ಷನ ವಜ್ರಕಾಯಕ್ಕೆ ಖಡ್ಗ ತಾಗಿದಾಗ ಖಣಿಲೆನ್ನುತ್ತದೆ. ಅಲ್ಲಮನ ದೇಹದಲ್ಲಿ ಅದು ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಈ ಕಥನದ ಐತಿಹಾಸಿಕತೆ ನಮಗಿಲ್ಲಿ ಮುಖ್ಯವಲ್ಲ. ಸಿದ್ಧಿ ಎಷ್ಟೇ ವಿಸ್ಮಯಕರವಾಗಿರಲಿ, ಅದೇ ಅರಿವಲ್ಲ ಎಂಬ ವಿವೇಚನೆ ಮುಖ್ಯ. ಬಸವಾದಿ ಶರಣರು ಅರಿವನ್ನು ಒರೆಗೆ ಹಚ್ಚುವುದು ಆಚಾರದಲ್ಲಿ. ರಾನಡೆಯವರೂ ನೈತಿಕ ವಿಕಾಸವನ್ನು ಅನುಭಾವದ ಒರೆಗಲ್ಲುಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಆದರೆ ಅವರ ವಾದದ ಭಾರವೆಲ್ಲ ಸಾರ್ವತ್ರಿಕತೆಯ ಮೇಲೆ ಬಿದ್ದಿದೆ. ಹಿಂದೆ ನಿಂತಿರುವ ಈ ಒರೆಗಲ್ಲನ್ನು ಮುಂದಕ್ಕೆ ತಂದರೆ ಅವರ ವಾದ ಮಿದುಳಿನ ವಿವರಣೆಯಿಂದ ಕುಸಿಯುವುದಿಲ್ಲ. ಬೆಳಕು ಕಂಡದ್ದಕ್ಕೆ ದೃಷ್ಟಿವಲಯ ಕಾರಣವಿರಬಹುದು. ಕಂಡವನು ಆಮೇಲೆ ಹೇಗೆ ಬಾಳಿದನೆಂಬುದನ್ನು ಜಾಲರಿ, ಸುರುಳಿಗಳ ಗಣಿತ ಹೇಳಲಾರದು.

ಇಲ್ಲಿಯೇ ಪರಿಭಾಷೆಯ ಅಪಾಯವನ್ನೂ ಸೂಚಿಸಬೇಕು. ವಚನಗಳ ‘ಅರಿವು’ ಮತ್ತು ಇಂದಿನ ತತ್ತ್ವಶಾಸ್ತ್ರದ ‘ಪ್ರಜ್ಞೆ’ ಒಂದೇ ಎಂಬಂತೆ ಬರೆಯುವ ರೂಢಿ ಕನ್ನಡದಲ್ಲಿ ಬೆಳೆದಿದೆ. ಹಲ್ಲುನೋವೂ ಪ್ರಜ್ಞೆಯ ಒಂದು ಸ್ಥಿತಿ. ಅದಕ್ಕೆ ಸಾಧನೆ ಬೇಕಿಲ್ಲ. ಅರಿವಾದರೋ ಸಾಧಿಸಿ ಪಡೆಯುವಂಥದು, ಕಳೆದುಕೊಳ್ಳಬಹುದಾದಂಥದು, ಮರವೆಯೆಂಬ ಎದುರಾಳಿಯನ್ನುಳ್ಳದ್ದು. ಎರಡನ್ನೂ ಸಮೀಕರಿಸಿದಾಗ ವಿಜ್ಞಾನ ಇಂದು ಹೇಳುವುದನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಹೇಳಿದ್ದರೆಂಬ ಸುಲಭದ ಹೆಮ್ಮೆ ದೊರೆಯುತ್ತದೆ. ಅದರಿಂದ ವಿಜ್ಞಾನಕ್ಕೂ ಲಾಭವಿಲ್ಲ, ವಚನಕ್ಕೂ ಲಾಭವಿಲ್ಲ.

7

ಕೊನೆಯದಾಗಿ ದಾಖಲೆಯ ಪ್ರಶ್ನೆ. ನಿಸ್ಬೆಟ್ ಮತ್ತು ವಿಲ್ಸನ್ 1977ರಲ್ಲಿ ತೋರಿಸಿದಂತೆ, ನಮ್ಮ ವರ್ತನೆಯ ಕಾರಣಗಳನ್ನು ಕುರಿತು ನಾವು ಕೊಡುವ ವಿವರಣೆ ಹಲವು ವೇಳೆ ತಪ್ಪಾಗಿರುತ್ತದೆ. ಆದರೂ ಒಳಗಿನ ಅನುಭವವನ್ನು ತಿಳಿಯಲು ಅನುಭವಿಸಿದವರ ಮಾತನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಫ್ರಾನ್ಸಿಸ್ಕೊ ವರೇಲಾ 1996ರಲ್ಲಿ ಶಿಸ್ತುಬದ್ಧ ಆತ್ಮನಿರೀಕ್ಷಣೆಯನ್ನೂ ಮಿದುಳಿನ ಮಾಪನವನ್ನೂ ಒಂದಕ್ಕೊಂದು ತಿದ್ದುವಂತೆ ಜೊತೆಗೂಡಿಸಬೇಕೆಂದು ಸೂಚಿಸಿದ್ದು ಈ ಇಕ್ಕಟ್ಟಿನಿಂದ ಪಾರಾಗಲೆಂದೇ.

ಇಂಥ ಶಿಸ್ತಿಗೆ ಎಂತಹ ಬರಹ ಉಪಯುಕ್ತ? ನಿಂಬಾಳದ ನೆರೆಯ ಹಲಸಂಗಿಯಲ್ಲಿಯೇ ಒಂದು ಮಾದರಿಯಿದೆ. ಮಧುರಚೆನ್ನರು (1903–1953) ತಮ್ಮ ಅಂತರಂಗದ ಹುಡುಕಾಟವನ್ನು ನಿರೂಪಿಸಿದ ಕೃತಿಗಳಿಗೆ ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂದು ಹೆಸರಿಟ್ಟರು. ಬೆಳಗಿನ ಜೊತೆಗೆ ಕತ್ತಲೆಯನ್ನೂ ಸಿದ್ಧತೆಯನ್ನೂ ದಾಖಲಿಸಬೇಕೆಂಬ ಪ್ರಾಮಾಣಿಕತೆ ಈ ಅನುಕ್ರಮದಲ್ಲಿದೆ. ಸಂತರ ಪದಗಳಿಂದ ಸಫಲ ಅನುಭವಗಳನ್ನು ಮಾತ್ರ ಆಯ್ದು ಜೋಡಿಸಿದಾಗ ಸಹಮತ ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ವಿಫಲತೆ, ಸಂಶಯ, ಶೂನ್ಯವಾಗಿ ಕಳೆದ ದಿನಗಳು ಇವೂ ಸೇರಿದಾಗಲೇ ದಾಖಲೆ ಸಾಕ್ಷ್ಯವಾಗುತ್ತದೆ.

ಆದುದರಿಂದ ಈ ಸೀಮೆಯ ಅನುಭಾವ ಸಾಹಿತ್ಯವನ್ನು ಮನಸ್ಸಿನ ವಿಜ್ಞಾನದೊಡನೆ ಇಟ್ಟು ಓದುವ ಸಂಶೋಧಕರು ಎರಡು ಕೆಲಸಗಳನ್ನು ಕೈಗೊಳ್ಳಬೇಕಾಗಿದೆ. ಒಂದು, ಅನುಭವದ ಉಲ್ಲೇಖಗಳನ್ನು ಅವುಗಳ ಸಂದರ್ಭ, ಸಾಧನಾವಿಧಾನ ಮತ್ತು ವಿಫಲತೆಗಳ ಸಮೇತ ಸಂಕಲಿಸುವುದು. ಎರಡು, ಪ್ರತಿಯೊಂದು ಉಲ್ಲೇಖವೂ ಏನನ್ನು ಸಾಧಿಸುತ್ತದೆ, ಏನನ್ನು ಸಾಧಿಸಲಾರದು ಎಂಬುದನ್ನು ಬೇರೆಬೇರೆಯಾಗಿ ಗುರುತಿಸುವುದು. ಉಪನಿಷತ್ತಿನ ಮಾತನ್ನೂ ಪ್ರಶ್ನಿಸಿ, ಕಿವಿ ತೆರೆದಿದ್ದಾಗಲೂ ನಾದ ಕೇಳುತ್ತದೆಯಲ್ಲ ಎಂದು ಆಕ್ಷೇಪಿಸಿದವರು ರಾನಡೆಯವರು. ಅವರ ತೀರ್ಮಾನವನ್ನು ಒಪ್ಪದವರೂ ಆ ಆಕ್ಷೇಪದ ಹಿಂದಿನ ಧೈರ್ಯವನ್ನು ಒಪ್ಪಲೇಬೇಕು. ಅವರ ಗ್ರಂಥವನ್ನು ನಾವು ಓದಬೇಕಾದುದೂ ಅದೇ ಧೈರ್ಯದಿಂದ.