ಕಡಿಮೆ ಕೊಬ್ಬಿನ ಸಲಾಡ್ ಡ್ರೆಸ್ಸಿಂಗ್: ಆರೋಗ್ಯಕರ ಎನ್ನಲು ಆಧಾರವಿದೆಯೇ?

ಹಸಿ ಸೊಪ್ಪು, ತರಕಾರಿಗಳ ಮೇಲೆ ಸುರಿದುಕೊಂಡು ತಿನ್ನುವ ಮಂದ ದ್ರವಕ್ಕೆ ಸಲಾಡ್ ಡ್ರೆಸ್ಸಿಂಗ್ ಎನ್ನುತ್ತಾರೆ. ಅಮೆರಿಕ, ಯೂರೋಪುಗಳಲ್ಲಿ ಇದು ದಿನಬಳಕೆಯ ಪದಾರ್ಥ. ನಮ್ಮ ನಗರಗಳ ದೊಡ್ಡ ಅಂಗಡಿಗಳಿಗೂ ಬಂದಿದೆ. ಕೆಲವು ಸೀಸೆಗಳ ಮೇಲೆ 'ಕಡಿಮೆ ಕೊಬ್ಬು', 'ಕೊಬ್ಬುರಹಿತ' ಎಂಬ ಬರಹವಿರುತ್ತದೆ. ಇದನ್ನು ಓದಿದವರು 'ಆರೋಗ್ಯಕ್ಕೆ ಒಳ್ಳೆಯದು' ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ಈ ಅರ್ಥ ಎಷ್ಟು ಸರಿ?

ಬರಹ ಸುಳ್ಳಲ್ಲ. ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ನಿಯಮಗಳ ಪ್ರಕಾರ, 100 ಗ್ರಾಂ ಘನ ಆಹಾರದಲ್ಲಿ ಕೊಬ್ಬು 3 ಗ್ರಾಂ ಮೀರದಿದ್ದರೆ, 100 ಮಿಲಿಲೀಟರ್ ದ್ರವದಲ್ಲಿ 1.5 ಗ್ರಾಂ ಮೀರದಿದ್ದರೆ 'ಕಡಿಮೆ ಕೊಬ್ಬು' ಎನ್ನಬಹುದು. ಆದರೆ ಇದು ಒಂದು ಘಟಕದ ಪ್ರಮಾಣವನ್ನು ಮಾತ್ರ ತಿಳಿಸುತ್ತದೆ. ಆಹಾರದ ಉಳಿದ ಭಾಗದಲ್ಲಿ ಏನಿದೆ, ದೇಹಕ್ಕೆ ಅದರಿಂದ ಏನು ದೊರೆಯುತ್ತದೆ ಎಂಬುದನ್ನು ತಿಳಿಸುವುದಿಲ್ಲ.

ಕೊಬ್ಬಿನ ಸ್ಥಾನದಲ್ಲಿ ಏನಿದೆ?

ಮಂದವಾದ ಡ್ರೆಸ್ಸಿಂಗ್ ಒಂದು ಎಮಲ್ಷನ್. ಎಣ್ಣೆಯ ಸೂಕ್ಷ್ಮ ಹನಿಗಳು ವಿನಿಗರ್ ಅಥವಾ ನೀರಿನಲ್ಲಿ ಹರಡಿರುತ್ತವೆ. ಮೊಟ್ಟೆಯ ಹಳದಿಯಲ್ಲಿರುವ ಲೆಸಿತಿನ್‌ನಂತಹ ಪದಾರ್ಥ ಅವು ಒಂದುಗೂಡದಂತೆ ತಡೆಯುತ್ತದೆ. ಮಂದತೆ, ನುಣುಪು, ರುಚಿ ಎಲ್ಲಕ್ಕೂ ಎಣ್ಣೆಯ ಹನಿಗಳೇ ಕಾರಣ. ಎಣ್ಣೆಯನ್ನು ತೆಗೆದರೆ ಉಳಿಯುವುದು ಹುಳಿ ನೀರು. ಆದ್ದರಿಂದ ಮಂದತೆಗೆ ಮಾರ್ಪಡಿಸಿದ ಪಿಷ್ಟ ಅಥವಾ ಕ್ಸ್ಯಾಂಥನ್ ಗೋಂದು, ರುಚಿಗೆ ಸಕ್ಕರೆ, ಉಪ್ಪು ಸೇರುತ್ತವೆ. ಕ್ಸ್ಯಾಂಥನ್ ಗೋಂದು ಬ್ಯಾಕ್ಟೀರಿಯಗಳಿಂದ ಪಡೆಯುವ ಬಹುಶರ್ಕರ. ಅದರಿಂದ ಭಯವಿಲ್ಲ. ಗಮನಿಸಬೇಕಾದದ್ದು ಸಕ್ಕರೆ ಮತ್ತು ಉಪ್ಪನ್ನು.

ಉದಾಹರಣೆಗೆ ಒಂದು ಲೆಕ್ಕ ಮಾಡೋಣ. ಒಂದು ಗ್ರಾಂ ಕೊಬ್ಬಿನಿಂದ 9, ಒಂದು ಗ್ರಾಂ ಶರ್ಕರದಿಂದ 4 ಕಿಲೊಕ್ಯಾಲರಿ ಶಕ್ತಿ ದೊರೆಯುತ್ತದೆ. 30 ಗ್ರಾಂ ಸಾಮಾನ್ಯ ಡ್ರೆಸ್ಸಿಂಗಿನಲ್ಲಿ 14 ಗ್ರಾಂ ಎಣ್ಣೆ ಇದ್ದರೆ ಅದರಿಂದ 126 ಕಿಲೊಕ್ಯಾಲರಿ. ಅಷ್ಟೇ ತೂಕದ, ಕೊಬ್ಬು ತಗ್ಗಿಸಿದ ಡ್ರೆಸ್ಸಿಂಗಿನಲ್ಲಿ 1 ಗ್ರಾಂ ಕೊಬ್ಬು, 10 ಗ್ರಾಂ ಸಕ್ಕರೆ ಮತ್ತು ಪಿಷ್ಟ ಇದ್ದರೆ 49 ಕಿಲೊಕ್ಯಾಲರಿ. ಉಳಿತಾಯ ನಿಜ. ಆದರೆ ಸೀಸೆಯನ್ನು ಬಿಟ್ಟು, ನಿಂಬೆರಸದೊಡನೆ 6 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ತುಸು ಹೆಚ್ಚು ಎಣ್ಣೆ ಬೆರೆಸಿಕೊಂಡರೂ ಎಣ್ಣೆಯಿಂದ ಬರುವುದು 54 ಕಿಲೊಕ್ಯಾಲರಿ ಮಾತ್ರ. ಶಕ್ತಿ ಹೆಚ್ಚುಕಡಿಮೆ ಒಂದೇ ಆಗಿರುವಾಗ ಸಕ್ಕರೆ ಮೇಲೋ ಎಣ್ಣೆ ಮೇಲೋ?

ತರಕಾರಿಯ ಬಣ್ಣ ಹೇಳುವ ಉತ್ತರ

ಕ್ಯಾರೆಟ್ ಪಲ್ಯ ಮಾಡಿದಾಗ ಬಾಣಲೆಯ ಎಣ್ಣೆ ಕೇಸರಿ ಬಣ್ಣಕ್ಕೆ ತಿರುಗುವುದನ್ನು ಎಲ್ಲರೂ ನೋಡಿದ್ದೇವೆ. ಬಣ್ಣ ಕೊಡುವ ಬೀಟಾ ಕೆರೋಟೀನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಟೊಮೆಟೊದ ಲೈಕೋಪೀನ್, ಸೊಪ್ಪಿನ ಲ್ಯೂಟೀನ್ ಸಹ ಇದೇ ಗುಂಪಿನವು. ಈ ಕೆರೋಟಿನಾಯ್ಡ್‌ಗಳು ಸಣ್ಣಕರುಳಿನಲ್ಲಿ ಪಿತ್ತಲವಣ ಮತ್ತು ಜೀರ್ಣವಾದ ಕೊಬ್ಬಿನೊಂದಿಗೆ ಮೈಸೆಲ್ ಎಂಬ ಸೂಕ್ಷ್ಮ ಕಣಗಳಲ್ಲಿ ಸೇರಿದಾಗ ಮಾತ್ರ ಚೆನ್ನಾಗಿ ಹೀರಲ್ಪಡುತ್ತವೆ. ಕೊಬ್ಬೇ ಇಲ್ಲದಿದ್ದರೆ ಬಹುಪಾಲು ಹಾಗೆಯೇ ಹೊರಹೋಗುತ್ತವೆ.

ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟಪಡಿಸಿತು. ಏಳು ಜನರಿಗೆ ಪಾಲಕ್, ಲೆಟಿಸ್, ಟೊಮೆಟೊ, ಕ್ಯಾರೆಟ್‌ಗಳ ಸಲಾಡನ್ನು 0, 6 ಮತ್ತು 28 ಗ್ರಾಂ ಕನೋಲ ಎಣ್ಣೆಯಿದ್ದ ಡ್ರೆಸ್ಸಿಂಗುಗಳೊಂದಿಗೆ ಬೇರೆ ಬೇರೆ ದಿನ ಕೊಡಲಾಯಿತು. ಕೊಬ್ಬುರಹಿತ ಡ್ರೆಸ್ಸಿಂಗ್ ತಿಂದಾಗ ರಕ್ತದಲ್ಲಿ ಕೆರೋಟಿನಾಯ್ಡ್‌ಗಳು ಏರಿದ್ದು ನಗಣ್ಯ. 6 ಗ್ರಾಂನಲ್ಲಿ ಏರಿಕೆ ಕಂಡಿತು, 28 ಗ್ರಾಂನಲ್ಲಿ ಇನ್ನೂ ಹೆಚ್ಚು ಕಂಡಿತು.

ಆಧಾರದ ಮಿತಿಗಳು

'ಹಾಗಾದರೆ ಎಣ್ಣೆ ಸುರಿದಷ್ಟೂ ಒಳ್ಳೆಯದು' ಎಂದು ತೀರ್ಮಾನಿಸುವುದೂ ತಪ್ಪು. ಏಳು ಜನರ ಪ್ರಯೋಗ ಚಿಕ್ಕದು. ಅದು ಅಳೆದದ್ದು ಒಂದು ಊಟದ ನಂತರದ ಕೆಲವು ಗಂಟೆಗಳ ಹೀರಿಕೆಯನ್ನು, ಆರೋಗ್ಯವನ್ನಲ್ಲ. ಸಲಾಡಿನೊಡನೆ ಮೊಟ್ಟೆ, ಕಡಲೆಕಾಯಿ ಅಥವಾ ಎಣ್ಣೆಯಿದ್ದ ಬೇರೆ ಪದಾರ್ಥ ತಿಂದರೆ ಬೇಕಾದ ಕೊಬ್ಬು ಅಲ್ಲಿಂದಲೂ ದೊರೆಯುತ್ತದೆ. ಅದೇ ವಿಶ್ವವಿದ್ಯಾಲಯದ 2017ರ ಅಧ್ಯಯನದಲ್ಲಿ 12 ಯುವತಿಯರು 0ಯಿಂದ 32 ಗ್ರಾಂವರೆಗೆ ಸೋಯಾ ಎಣ್ಣೆ ಬೆರೆಸಿದ ಸಲಾಡ್ ತಿಂದರು. ಎಣ್ಣೆ ಹೆಚ್ಚಿದಂತೆ ಹೀರಿಕೆಯೂ ಹೆಚ್ಚಿತು. ಆದರೆ ಹಣ ಒದಗಿಸಿದ್ದು ಡ್ರೆಸ್ಸಿಂಗ್‌ಗಳನ್ನು ತಯಾರಿಸುವ ಯೂನಿಲಿವರ್ ಸಂಸ್ಥೆ. ಇದರಿಂದ ಫಲಿತಾಂಶ ಸುಳ್ಳಾಗುವುದಿಲ್ಲ. ಆದರೂ ಓದುಗರಿಗೆ ಈ ವಿಷಯ ತಿಳಿದಿರಬೇಕು.

ಇನ್ನೊಂದೆಡೆ, ಒಟ್ಟು ಕೊಬ್ಬನ್ನು ಕಡಿಮೆ ಮಾಡಿದರೆ ಸಾಕು ಎಂಬ ನಂಬಿಕೆಯೂ ಪರೀಕ್ಷೆಗೆ ಒಳಗಾಗಿದೆ. ಅಮೆರಿಕದಲ್ಲಿ 48,835 ಮಹಿಳೆಯರನ್ನು ಸರಾಸರಿ 8 ವರ್ಷ ಗಮನಿಸಿದ ಪ್ರಯೋಗದ ಫಲಿತಾಂಶ 2006ರಲ್ಲಿ ಬಂತು. ಕಡಿಮೆ ಕೊಬ್ಬಿನ ಆಹಾರ ಹೃದ್ರೋಗವನ್ನಾಗಲೀ ಪಾರ್ಶ್ವವಾಯುವನ್ನಾಗಲೀ ಗಣನೀಯವಾಗಿ ತಗ್ಗಿಸಲಿಲ್ಲ. ಕೊಬ್ಬಿನ ಪ್ರಮಾಣದಷ್ಟೇ ಅದರ ಬಗೆಯೂ ಮುಖ್ಯ. ಡ್ರೆಸ್ಸಿಂಗಿನಲ್ಲಿ ಬಳಸುವ ಸೋಯಾ, ಕನೋಲ, ಆಲಿವ್ ಎಣ್ಣೆಗಳಲ್ಲಿ ಅಪರ್ಯಾಪ್ತ ಮೇದಾಮ್ಲಗಳೇ ಹೆಚ್ಚು. ತೆಗೆದುಹಾಕಿದ್ದು ಇಂಥ ಎಣ್ಣೆಯನ್ನು, ಸೇರಿಸಿದ್ದು ಸಕ್ಕರೆಯನ್ನು ಎಂದಾದರೆ ಆ ವಿನಿಮಯ ಲಾಭದಾಯಕವಲ್ಲ.

ನಮ್ಮ ಕೋಸಂಬರಿಗೂ ಇದೇ ಅಳತೆಗೋಲು. ಕ್ಯಾರೆಟ್ ತುರಿಗೆ ಬೀಳುವ ಒಂದು ಚಮಚ ಒಗ್ಗರಣೆ ಹೀರಿಕೆಗೆ ನೆರವಾಗುತ್ತದೆ. ಕಾಯಿತುರಿಯೂ ಕೊಬ್ಬು ಕೊಡುತ್ತದೆ, ಆದರೆ ಅದು ಹೆಚ್ಚಾಗಿ ಪರ್ಯಾಪ್ತ ಕೊಬ್ಬು. ಆದ್ದರಿಂದ ಮಿತಿ ಇರಲಿ.

ಶಿಕ್ಷಕರು ಒಂದು ಚಟುವಟಿಕೆ ಮಾಡಿಸಬಹುದು. ಒಂದೇ ಪದಾರ್ಥದ ಸಾಮಾನ್ಯ ಮತ್ತು 'ಕಡಿಮೆ ಕೊಬ್ಬಿನ' ಪೊಟ್ಟಣಗಳನ್ನು ತರಿಸಿ, ಹಿಂಬದಿಯ ಪೌಷ್ಟಿಕಾಂಶ ಪಟ್ಟಿಯಿಂದ ಕೊಬ್ಬು, ಸಕ್ಕರೆ, ಸೋಡಿಯಂ ಮತ್ತು ಶಕ್ತಿಯನ್ನು 100 ಗ್ರಾಂಗೆ ಹೋಲಿಸಲಿ. ಮುಂಬದಿಯ ಎರಡು ಪದಗಳು ಹೇಳದೆ ಬಿಟ್ಟದ್ದೇನು ಎಂಬುದನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳುತ್ತಾರೆ.