ಮೃಣ್ಮಯಿಯ ಪಾಠಾಂತರಗಳು

ಒಂದು ಕಥೆಯು ಅನೇಕರ ಕೈಯಲ್ಲಿ ಬೆಳೆಯುವಾಗ ಪಾಠಭೇದಗಳು ಹುಟ್ಟುವುದು ಸಹಜ. ಲಿಪಿಕಾರರ ಪ್ರಮಾದದಿಂದ ಬಂದ ಭೇದವಾದರೆ ಪ್ರತಿಗಳನ್ನು ಹೋಲಿಸಿ ಮೂಲಪಾಠವನ್ನು ನಿರ್ಣಯಿಸಬಹುದು. ಆದರೆ ಕಥೆಗಾರರೇ ಬುದ್ಧಿಪೂರ್ವಕವಾಗಿ ಮಾಡಿದ ಭೇದಗಳಲ್ಲಿ ಯಾವುದು ಪ್ರಾಚೀನವೆಂಬುದಕ್ಕಿಂತ ಯಾವುದು ಉಚಿತವೆಂಬುದೇ ಮುಖ್ಯವಾದ ಪ್ರಶ್ನೆ. ಅಮೆರಿಕದ ಚಿತ್ರಕಥೆಗಳ ಅತಿಮಾನುಷ ನಾಯಿಕೆಯಾದ ‘ವಂಡರ್ ವುಮನ್’, ಅರ್ಥಾತ್ ಡಯಾನಾ, ಇದಕ್ಕೆ ಉತ್ತಮ ನಿದರ್ಶನ.

ಮನಶ್ಶಾಸ್ತ್ರಜ್ಞರಾದ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬವರು ಕಲ್ಪಿಸಿ, ಎಚ್. ಜಿ. ಪೀಟರ್ ಎಂಬವರು ಚಿತ್ರಿಸಿದ ಈ ಪಾತ್ರವು 1941ರಲ್ಲಿ ಪ್ರಕಟವಾಯಿತು. ಮರುವರ್ಷ ಹೇಳಲ್ಪಟ್ಟ ಜನ್ಮಕಥೆ ಇದು: ಗಂಡಸರಿಲ್ಲದ ದ್ವೀಪದಲ್ಲಿ ಅಮೆಜಾನ್ ಸ್ತ್ರೀಯರ ರಾಣಿ ಹಿಪ್ಪೊಲಿಟಾ ಮಣ್ಣಿನಿಂದ ಶಿಶುವಿನ ಪ್ರತಿಮೆಯನ್ನು ಮಾಡುವಳು; ಅಫ್ರೊಡೈಟಿ ದೇವಿಯು ಅದಕ್ಕೆ ಪ್ರಾಣವನ್ನು ಕೊಡುವಳು. ತಂದೆಯೆಂಬವನೇ ಇಲ್ಲ. ಪಾರ್ವತಿಯು ತನ್ನ ಮೈಯ ಮಲದಿಂದ ಗಣಪತಿಯನ್ನು ಮಾಡಿದ ಕಥೆಯನ್ನು ಬಲ್ಲ ನಮಗೆ ಇದು ಅಪರಿಚಿತವೆನಿಸದು.

ಅನಂತರದ ಭೇದಗಳು ಹಲವು. 1968ರಲ್ಲಿ ಡಯಾನಾ ದಿವ್ಯಶಕ್ತಿಯನ್ನು ತ್ಯಜಿಸಿ ಸಾಮಾನ್ಯ ಸ್ತ್ರೀಯಾದಳು. 1973ರಲ್ಲಿ ಆ ಶಕ್ತಿ ಮರಳಿತು. ಆಗಲೇ ಕಪ್ಪು ಮಣ್ಣಿನಿಂದಾದ ನೂಬಿಯಾ ಎಂಬ ಸೋದರಿಯೂ ಕಾಣಿಸಿಕೊಂಡಳು. 1987ರಲ್ಲಿ ಜಾರ್ಜ್ ಪೆರೆಸ್ ಮೊದಲಾದವರು ಕಥೆಯನ್ನು ಆದಿಯಿಂದ ಹೇಳಿದರು. ಅಲ್ಲಿ ಪುರುಷರ ಹಿಂಸೆಯಿಂದ ಮಡಿದ ಸ್ತ್ರೀಯರ ಆತ್ಮಗಳೇ ಅಮೆಜಾನರಾಗುತ್ತವೆ. ಹುಟ್ಟದೆ ಹೋದ ಒಂದು ಶಿಶುವಿನ ಆತ್ಮವು ಮಣ್ಣಿನ ಮಗುವನ್ನು ಸೇರುತ್ತದೆ. ಇದು ವ್ಯತ್ಯಾಸವೆನ್ನುವುದಕ್ಕಿಂತ ಮೂಲಕ್ಕೆ ಬರೆದ ಭಾಷ್ಯವೆನ್ನುವುದೇ ಸರಿ.

2011ರಲ್ಲಿ ಬ್ರಯನ್ ಅಝರೆಲ್ಲೊ ಅವರ ಪಾಠವು ಬುಡವನ್ನೇ ಮುಟ್ಟಿತು. ಡಯಾನಾ ಹಿಪ್ಪೊಲಿಟೆಗೆ ಸ್ಯೂಸ್ ದೇವನಿಂದ ಹುಟ್ಟಿದವಳು. ಅವನ ಪತ್ನಿ ಹೀರಾಳ ಕೋಪದಿಂದ ಮಗುವನ್ನು ಕಾಪಾಡಲು ತಾಯಿ ಕಟ್ಟಿದ ಸುಳ್ಳೇ ಮಣ್ಣಿನ ಕಥೆ! 2017ರ ಚಲನಚಿತ್ರವೂ ಸ್ಯೂಸನ ಪಿತೃತ್ವವನ್ನು ಅಂಗೀಕರಿಸಿತು.

ಇಲ್ಲಿ ಪೂರ್ವಪಕ್ಷವುಂಟು. ಗ್ರೀಕರ ಪುರಾಣಗಳಲ್ಲಿ ಸ್ಯೂಸನ ಮಕ್ಕಳು ಅನೇಕ. ಆ ಕುಲಕ್ಕೆ ಡಯಾನಾಳನ್ನು ಸೇರಿಸಿದರೆ ದೋಷವೇನು? ನಮ್ಮ ನಾಗಚಂದ್ರನೂ ನೇಗಿಲ ಗೆರೆಯ ಸೀತೆಯನ್ನು ಜನಕನ ಔರಸಪುತ್ರಿಯನ್ನಾಗಿ, ಪ್ರಭಾಮಂಡಲನ ಒಡಹುಟ್ಟಿದವಳನ್ನಾಗಿ ಹೇಳಲಿಲ್ಲವೆ?

ಹೇಳಿದನು, ನಿಜ. ಆದರೆ ಅವನು ಅನುಸರಿಸಿದ ಜೈನ ಸಂಪ್ರದಾಯದಲ್ಲಿ ರಾಮ, ರಾವಣ, ವಾನರ ಎಲ್ಲರ ಕಥೆಯೂ ಒಂದೇ ದೃಷ್ಟಿಯಿಂದ ಮಾರ್ಪಟ್ಟಿದೆ. ಸೀತೆಯ ಜನನ ಆ ಸಮಗ್ರತೆಯ ಒಂದು ಅಂಗ. ರಸಕ್ಕೆ ಅನನುಗುಣವಾದ ಇತಿವೃತ್ತವನ್ನು ಕವಿ ಬಿಡಬಹುದೆಂದು ಆನಂದವರ್ಧನನೂ ಅನುಮತಿಸಿದ್ದಾನೆ. ಮಣ್ಣಿನ ಜನನವು ಯಾವ ರಸಕ್ಕೆ ಅನನುಗುಣವಾಗಿತ್ತು? ದೇವತೆಗಳು ಬೀದಿಯಲ್ಲಿ ನಡೆದಾಡುವ ಕಥೆಯಲ್ಲಿ ಮಣ್ಣಿಗೆ ಜೀವ ಬರುವುದು ಅಸಂಭವವೆಂದು ಹೇಳುವಂತಿಲ್ಲ. ಮೊದಲ ಪಾಠದಲ್ಲಿ ಡಯಾನಾಳ ಬಲಕ್ಕೆ ಕಾರಣ ತಾಯಿಯ ಬಯಕೆ, ದೇವಿಯ ಅನುಗ್ರಹ, ಸ್ವಂತ ಅಭ್ಯಾಸ. ನೂತನ ಪಾಠದಲ್ಲಿ ಅದು ತಂದೆಯಿಂದ ಬಂದ ಸ್ವತ್ತಾಗುತ್ತದೆ. ಶಿಲ್ಪಿಯಾಗಿದ್ದ ತಾಯಿ ಗುಟ್ಟನ್ನು ಬಚ್ಚಿಟ್ಟ ಪ್ರೇಯಸಿಯಾಗುತ್ತಾಳೆ. 1968ರ ಪಾಠವು ನಾಯಿಕೆಯ ಶಕ್ತಿಯನ್ನು ಕಳೆಯಿತು; ಇದು ಅವಳ ಅರ್ಥವನ್ನೇ ಕಳೆಯಿತು.

ಆದರೂ ಗುಣವನ್ನು ಮರೆಮಾಡಬಾರದು. ತಾಯಿಯ ಸುಳ್ಳು ತಿಳಿದಾಗ ಮಗಳಿಗಾಗುವ ನೋವಿನಲ್ಲಿ ನಿಜವಾದ ಕರುಣವಿದೆ. ಆದರೆ ಆ ಕರುಣವು ಹಿಂದೆ ಮಣ್ಣಿನ ಕಥೆಯನ್ನು ನಂಬಿದ್ದ ವಾಚಕನಲ್ಲಿಯೇ ಪೂರ್ಣವಾಗಿ ಹುಟ್ಟುವುದು. ತಾನು ಸುಳ್ಳೆಂದು ಸಾರುವ ಪಾಠದ ಋಣದಲ್ಲಿಯೇ ಹೊಸ ಪಾಠವು ಬದುಕಿದೆ. ಆದುದರಿಂದ ಕಾಲದಿಂದ ಮಾತ್ರವಲ್ಲ, ಔಚಿತ್ಯದಿಂದಲೂ ಮೃಣ್ಮಯಿಯ ಪಾಠವೇ ಗ್ರಾಹ್ಯವೆಂದು ನನ್ನ ಅಭಿಪ್ರಾಯ. ವಿದ್ವಾಂಸರು ಪರಾಮರ್ಶಿಸಬೇಕು.